ಎರಡನೆಯ ಸಲ ಕಣ್ಣಿಗೆ ಕತ್ತರಿ ಇಡಿಸುವ ಮುನ್ನ

ಕಳೆದ ಸಂಚಿಕೆಯಲ್ಲಿ ಹಾಗಲಕಾಯಿ ಗೊಜ್ಜಿನ ವಿಷಯ ಬರೆಯುವಾಗ ಬೆಲ್ಲ ಎಷ್ಟು ಹಾಕಬೇಕೆಂದು ಹೇಳುವುದನ್ನೇ ಮರೆತಿದ್ದೆ. ಕಾಲು ಕಿಲೋ ಹಾಗಲಕಾಯಿಗೆ ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ ಸಾಕು. ಕೇಳಿ ಬರೆದ ಸೋದರಿಯರೆಲ್ಲರಿಗೂ ಇದೇ ಉತ್ತರ. ಆದರೆ ಆ ಪತ್ರಗಳ ನಡುವೆ ಒಂದು ಪತ್ರ ಬೇರೆಯದೇ ಇತ್ತು. "ಹೆಸರು, ಊರು ಹಾಕಬೇಡಿ" ಎಂದು ಮೊದಲನೆಯ ಸಾಲಿನಲ್ಲೇ ಬರೆದಿದ್ದರು. ಜೋತುಬಿದ್ದ ಮೇಲ್ರೆಪ್ಪೆ ಚೆನ್ನಾಗಿ ಕಾಣಲಿ ಎಂದು ಆಪರೇಷನ್ ಮಾಡಿಸಿಕೊಂಡರಂತೆ. ಸರಿಹೋಗಲಿಲ್ಲವಂತೆ. ಈಗ ಇನ್ನೊಮ್ಮೆ ಮಾಡಿಸಿ ಸರಿಮಾಡಿಕೊಳ್ಳಬೇಕು, "ನಂಬುವಂಥ ಒಂದು ಕ್ಲಿನಿಕ್ ಹೆಸರು ಹೇಳಿ ಅಕ್ಕಾ" ಎಂದಿದ್ದಾರೆ.

ಎಸ್ಸೆಸ್ಸೆಲ್ಸಿ ಓದಿ ಒಲೆಯ ಮುಂದೆ ನಿಂತವಳು ನಾನು. ಡಾಕ್ಟರ ಹೆಸರು ಹೇಳುವಷ್ಟು ದೊಡ್ಡವಳಲ್ಲ. ಆದರೆ ಇದೇ ಕಷ್ಟ ನಮ್ಮ ಮನೆಗೂ ಬಂದು ಹೋಗಿದೆ. ನನ್ನ ನಾದಿನಿಯನ್ನು ಕೇಳಿದೆ. "ಬರೀರಿ ಅತ್ತಿಗೆ, ನನ್ನ ಹೆಸರು ಮಾತ್ರ ಬೇಡ" ಅಂದಳು. ಆದ್ದರಿಂದ ಬರೆಯುತ್ತಿದ್ದೇನೆ.

ಅವಳಿಗೆ ಆಗ ನಲವತ್ತೊಂದು. ಮೂಗು, ಬಣ್ಣ ಎಲ್ಲ ನಮ್ಮ ಅತ್ತೆಯವರ ಹಾಗೆ ಲಕ್ಷಣವಾಗಿದ್ದಾಳೆ. ಆದರೆ ರೆಪ್ಪೆ ಮಾತ್ರ ಭಾರ. ಯಾವ ಮದುವೆಮನೆಗೆ ಹೋದರೂ ಯಾರಾದರೊಬ್ಬರು "ಯಾಕಮ್ಮ, ನಿದ್ದೆ ಇಲ್ವಾ?" ಅಂತ ಕೇಳುವವರೇ. ಫೋಟೋದಲ್ಲಂತೂ ಎಡಗಣ್ಣು ಅರ್ಧ ಮುಚ್ಚಿದ ಹಾಗೆ ಬರುತ್ತಿತ್ತು. ಇದು ಅವಳ ಮನಸ್ಸಿನಲ್ಲಿ ಎಷ್ಟು ಕೊರೆಯುತ್ತಿತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಬಂದ ಜಾಹೀರಾತು ನೋಡಿ, ಚೀಟಿ ಎತ್ತಿದ ಹಣ ಹಿಡಿದುಕೊಂಡು, ದೀಪಾವಳಿ ಕಳೆದ ವಾರ ಬೆಂಗಳೂರಿನ ಒಂದು ಸೌಂದರ್ಯ ಕ್ಲಿನಿಕ್ಕಿಗೆ ಹೋಗಿ ಎರಡೂ ರೆಪ್ಪೆಯ ಚರ್ಮ ತೆಗೆಸಿಕೊಂಡು ಬಂದಿದ್ದಳು. ಮನೆಯಲ್ಲಿ ಗಂಡನಿಗೆ "ಕಣ್ಣಿನ ಗುಳ್ಳೆ ತೆಗೆಸಿದೆ" ಅಂದಿದ್ದಳು.

ಸಂಕ್ರಾಂತಿಗೆ ತಿಪಟೂರಿಗೆ, ನಮ್ಮ ಮನೆಗೆ ಬಂದಳು. ಇಡೀ ದಿನ ಕಪ್ಪು ಕನ್ನಡಕ ತೆಗೆಯಲಿಲ್ಲ. ಎಳ್ಳು ಬೆಲ್ಲ ಬೀರಲು ಹೊರಡುವಾಗಲೂ ಹಾಕಿಕೊಂಡೇ ಇದ್ದಳು. ಧೂಳು ಆಗುವುದಿಲ್ಲ ಅಂದಳು, ನಾನೂ ನಂಬಿದೆ. ಆ ರಾತ್ರಿ ಚಳಿ ಜಾಸ್ತಿ ಇತ್ತೆಂದು ಕಂಬಳಿ ಹೊದಿಸಲು ಹೋದೆ. ಅವಳು ಗಾಢ ನಿದ್ರೆಯಲ್ಲಿದ್ದಾಳೆ, ಉಸಿರು ಒಂದೇ ಸಮ ಬರುತ್ತಿದೆ. ಬಲಗಣ್ಣು ಮಾತ್ರ ಮುಚ್ಚಿಲ್ಲ! ರೆಪ್ಪೆಗಳ ನಡುವೆ ಭತ್ತದ ಕಾಳಿನಷ್ಟು ಬಿಳಿ ಕಾಣುತ್ತಿದೆ. ನನ್ನ ಎದೆ ಝಲ್ಲೆಂದಿತು.

ಬೆಳಿಗ್ಗೆ ಹಿತ್ತಿಲಿನಲ್ಲಿ ಕೂರಿಸಿಕೊಂಡು ಕೇಳಿದಾಗ ಎಲ್ಲ ಹೇಳಿದಳು. ಕಣ್ಣಿನಲ್ಲಿ ಸದಾ ಮರಳು ಬಿದ್ದ ಹಾಗೆ, ಬೆಳಗಾಗೆದ್ದರೆ ಉರಿ, ಕೆಂಪು. ಬಲಗಣ್ಣು ಮುಚ್ಚುತ್ತಿಲ್ಲ, ಎಡಗಣ್ಣು ಮೊದಲಿನಷ್ಟೇ ಜೋತುಬಿದ್ದಿದೆ. ಆ ಕ್ಲಿನಿಕ್ಕಿಗೆ ಫೋನ್ ಮಾಡಿದರೆ "ಮುಂದಿನ ವಾರ ಬನ್ನಿ, ದುಡ್ಡಿಲ್ಲದೆ ಇನ್ನೊಂದು ಸಲ ಮಾಡಿಕೊಡ್ತೀವಿ" ಅನ್ನುತ್ತಾರಂತೆ. "ರೋಗ ಬಂದು ಹೀಗಾಗಿದ್ರೆ ಹೇಳ್ಕೋಬಹುದಿತ್ತು ಅತ್ತಿಗೆ. ಅಂದಕ್ಕೆ ಹೋಗಿ ಹೀಗೆ ಮಾಡ್ಕೊಂಡೆ ಅಂತ ಯಾರಿಗೆ ಹೇಳ್ಲಿ?" ಎಂದು ಅತ್ತಳು. ಅಳುವಾಗಲೂ ಆ ಕಣ್ಣು ಉರಿಯುತ್ತಿತ್ತು ಪಾಪ.

ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಸ್ಥಿತಿ ಇದು. ನುಂಗುವಂತಿಲ್ಲ, ಉಗುಳುವಂತಿಲ್ಲ. ಮೊದಲನೆಯ ಸಲ ನಾಚಿಕೆಯಿಂದ ಗುಟ್ಟಾಗಿ ಹೋದವರು ಎರಡನೆಯ ಸಲ ಇನ್ನೂ ಗುಟ್ಟಾಗಿ, ಇನ್ನೂ ಅವಸರದಲ್ಲಿ ಹೋಗುತ್ತಾರೆ. ನಾವೂ ಹಾಗೇ ಮಾಡಿದೆವು. ಸೀರೆ ತರಲು ಹೋಗುತ್ತೇವೆಂದು ಗಂಡಸರಿಗೆ ಸುಳ್ಳು ಹೇಳಿ (ನಮ್ಮ ಯಜಮಾನರು ಇದನ್ನು ಓದಿ ಈಗ ಬೈಯಲಿ) ಬೆಂಗಳೂರಿನಲ್ಲಿ ಅವಳ ಗೆಳತಿಯೊಬ್ಬಳು ಹೇಳಿದ ಇನ್ನೊಂದು ಕ್ಲಿನಿಕ್ಕಿಗೆ ಹೋದೆವು.

ಆ ಜಾಗ ಮದುವೆ ಛತ್ರದ ಹಾಗೆ ಥಳಥಳ ಅನ್ನುತ್ತಿತ್ತು. ಬಿಳಿ ಕೋಟು ಹಾಕಿದ ಒಬ್ಬ ಹುಡುಗಿ ಬಂದಳು. ಅವಳು ಡಾಕ್ಟರಲ್ಲ, ಮಾತನಾಡುವವಳು. ದೊಡ್ಡ ಕನ್ನಡಿ ಹಿಡಿದು "ಮೇಡಂ, ಕಣ್ಣು ಚೆನ್ನಾಗಿ ಬಿಟ್ಟು ನೋಡಿ, ಯಾವ ಶೇಪ್ ಬೇಕು ನಿಮಗೆ?" ಎಂದು ಸಿನಿಮಾ ನಟಿಯರ ಕಣ್ಣುಗಳನ್ನು ಕಂಪ್ಯೂಟರಿನಲ್ಲಿ ತೋರಿಸಿದಳು. ಯಾರು ಮಾಡುತ್ತಾರೆ ಎಂದು ಕೇಳಿದೆ. "ನಮ್ಮ ಡಾಕ್ಟರ್ಸ್ ಟೀಮ್" ಅಂದಳು. ಅವರು ಏನು ಓದಿದ್ದಾರೆ ಎಂದು ಕೇಳಿದ್ದಕ್ಕೆ ನನ್ನನ್ನು ಒಂದು ಥರಾ ನೋಡಿದಳು. ಇವತ್ತೇ ಮುಂಗಡ ಕಟ್ಟಿದರೆ ನೂರಕ್ಕೆ 20 ರಿಯಾಯಿತಿಯಂತೆ. ಸೀರೆ ಅಂಗಡಿಯ ಆಷಾಢದ ರಿಯಾಯಿತಿ ನೆನಪಾಯಿತು ನೋಡಿ. ಡಾಕ್ಟರು ಎಂಬುವರು ನಿಂತಲ್ಲೇ ಎರಡು ನಿಮಿಷ ನೋಡಿ "ಒಂದು ಗಂಟೆ ಕೆಲಸ" ಎಂದು ಹೊರಟರು. ಮೊದಲು ಏನು ಮಾಡಿದ್ದಾರೆ, ಕಾಗದವೇನಾದರೂ ಇದೆಯೇ ಎಂದು ಒಂದು ಮಾತು ಕೇಳಲಿಲ್ಲ. ನಾದಿನಿ ಆಗಲೇ ಪರ್ಸಿನ ಜಿಪ್ ಎಳೆಯುತ್ತಿದ್ದಳು. ಕೈ ಹಿಡಿದು ಎಬ್ಬಿಸಿಕೊಂಡು ಬಂದೆ. ರೈಲಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಮಾರನೆಯ ದಿನ, ನನಗೆ ಚಾಳೀಸು ಬರೆದುಕೊಟ್ಟ ನಮ್ಮೂರಿನ ಕಣ್ಣಿನ ಡಾಕ್ಟರ ಬಳಿಗೇ ಕರೆದುಕೊಂಡು ಹೋದೆ. ಮೊದಲೇ ಹೋಗಬೇಕಿತ್ತು. ಅವರು ಕೇಳಿದ ಮೊದಲ ಮಾತು, "ಎಲ್ಲಿ, ಕಣ್ಣು ಮುಚ್ಚಿ ನೋಡೋಣ." ಮೆಲ್ಲಗೆ ಮುಚ್ಚಿಸಿದರು, ಗಟ್ಟಿಯಾಗಿ ಮುಚ್ಚಿಸಿದರು, ಪುಟ್ಟ ಸ್ಕೇಲ್ ಹಿಡಿದು ಎಷ್ಟು ಬಿಟ್ಟಿದೆ ಅಂತ ಅಳೆದರು. ಆಮೇಲೆ ಹಳದಿ ಬಣ್ಣದ ಔಷಧಿ ಸೋಕಿಸಿ ನೀಲಿ ಬೆಳಕಿನಲ್ಲಿ ನೋಡಿದರು. ಕಪ್ಪುಗುಡ್ಡೆಯ ಮುಂದಿನ ಗಾಜಿನಂಥ ಪೊರೆಯ ಕೆಳಭಾಗ ರಾತ್ರಿಯೆಲ್ಲ ಗಾಳಿಗೆ ಒಣಗಿ ತರಚಿದೆಯಂತೆ. "ಹೀಗೇ ಬಿಟ್ಟರೆ ಹುಣ್ಣಾಗಿ ದೃಷ್ಟಿಗೇ ಕುತ್ತು ಬರಬಹುದು ತಾಯಿ. ಮೊದಲು ಇದು ಮಾಯಲಿ, ಅಂದದ ಮಾತು ಆಮೇಲೆ" ಎಂದು ಹೇಳಿ, ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಯ ರೆಪ್ಪೆ ವಿಭಾಗಕ್ಕೆ ಒಂದು ಪತ್ರ ಬರೆದುಕೊಟ್ಟರು.

ರೆಪ್ಪೆಗೇ ಬೇರೆ ಡಾಕ್ಟರು ಇರುತ್ತಾರೆಂದು ನನಗೆ ಗೊತ್ತಾದದ್ದು ಆವತ್ತು. ಕಣ್ಣಿನ ವೈದ್ಯದಲ್ಲಿ ಎಂ.ಎಸ್. ಅಥವಾ ಅದಕ್ಕೆ ಸಮನಾದದ್ದು ಓದಿ, ಆಮೇಲೆ ರೆಪ್ಪೆ, ಕಣ್ಣೀರಿನ ನಾಳ, ಕಣ್ಣಿನ ಗುಳಿ ಇವುಗಳ ಶಸ್ತ್ರಚಿಕಿತ್ಸೆಯಲ್ಲೇ ತರಬೇತಿ ಪಡೆದವರು. ಆಕ್ಯುಲೋಪ್ಲಾಸ್ಟಿ ಅಂತ ಕರೆಯುತ್ತಾರೆ. ಎಂ.ಸಿಎಚ್. ಮಾಡಿದ ಪ್ಲಾಸ್ಟಿಕ್ ಸರ್ಜನ್‌ಗಳೂ ರೆಪ್ಪೆಯ ಕೆಲಸ ಮಾಡುತ್ತಾರೆ, ಅವರಲ್ಲೂ ಒಳ್ಳೆಯವರಿದ್ದಾರೆ. ಆದರೆ ಒಮ್ಮೆ ಕೆಟ್ಟ ರೆಪ್ಪೆಯನ್ನು ಮುಟ್ಟುವ ಮುನ್ನ ಕಣ್ಣಿನ ಒಳಗನ್ನೂ ಬಲ್ಲ ಒಬ್ಬರು ನೋಡಲೇಬೇಕು. ಬರೀ 'ಸೌಂದರ್ಯ ತಜ್ಞರು' ಎಂದು ಬೋರ್ಡು ಇದ್ದು, ಅದರ ಕೆಳಗೆ ಪದವಿ ಇಲ್ಲದಿದ್ದರೆ ಮೆಟ್ಟಿಲನ್ನೇ ಹತ್ತಬೇಡಿ.

ಆ ಆಸ್ಪತ್ರೆಯಲ್ಲಿ ನೋಡಿದವರು ಒಬ್ಬ ಹೆಂಗಸು, ನಮ್ಮದೇ ವಯಸ್ಸು ಇರಬಹುದು. ಮುಕ್ಕಾಲು ಗಂಟೆ ನೋಡಿದರು. ಕಣ್ಣೀರು ಎಷ್ಟು ಬರುತ್ತದೆಂದು ತಿಳಿಯಲು ಕಾಗದದ ಸಣ್ಣ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಎಡರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ಬಲರೆಪ್ಪೆ ಇಳಿಯುತ್ತದೆಯೇ ಎಂದು ನೋಡಿದರು. ಥೈರಾಯ್ಡ್ ಇದೆಯಾ, ಸಕ್ಕರೆ ಕಾಯಿಲೆ, ಬಿ.ಪಿ. ಇದೆಯಾ, ರಕ್ತ ತೆಳುವಾಗುವ ಮಾತ್ರೆ ತಗೋತೀರಾ, ಸಂಜೆ ಹೊತ್ತಿಗೆ ರೆಪ್ಪೆ ಇನ್ನೂ ಜೋಲುತ್ತಾ ಎಂದೆಲ್ಲ ಕೇಳಿದರು. ಸಂಜೆಗೆ ಹೆಚ್ಚು ಜೋಲುವುದು ನರ ಸ್ನಾಯುಗಳ ಬೇರೊಂದು ಕಾಯಿಲೆಯ ಗುರುತೂ ಆಗಿರಬಹುದಂತೆ. ಅದಕ್ಕೆ ಕತ್ತರಿ ಇಟ್ಟು ಉಪಯೋಗವಿಲ್ಲ.

ಕೊನೆಗೆ "ಮದುವೆ ಆಲ್ಬಂ ಇದೆಯೇನಮ್ಮ?" ಎಂದು ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಲ್ಬಂ ಎಲ್ಲಿ ಹೊತ್ತು ತರೋಣ? ನಮ್ಮ ಮಗಳಿಗೆ ಫೋನ್ ಮಾಡಿ, ಗೋಡೆಯಲ್ಲಿದ್ದ ಅವಳ ಮದುವೆ ಫೋಟೋದ ಚಿತ್ರ ತೆಗೆದು ಕಳಿಸಲು ಹೇಳಿದೆವು. ಡಾಕ್ಟರು ಅದನ್ನು ದೊಡ್ಡದು ಮಾಡಿ ತೋರಿಸಿದರು. ಇಪ್ಪತ್ತು ವರ್ಷದ ಹಿಂದೆ, ಬಾಸಿಂಗದ ಕೆಳಗೆ, ಎಡರೆಪ್ಪೆ ಆಗಲೇ ಒಂದಿಷ್ಟು ಇಳಿದಿತ್ತು! ನಾವು ಯಾರೂ ನೋಡಿರಲಿಲ್ಲ.

ರೆಪ್ಪೆ ಜೋಲುವುದಕ್ಕೆ ಕಾರಣಗಳು ಬೇರೆ ಬೇರೆ. ವಯಸ್ಸಾಗಿ ಚರ್ಮ ಸಡಿಲವಾಗಿ ಮಡಿಕೆ ಬೀಳುವುದು ಒಂದು. ರೆಪ್ಪೆಯನ್ನು ಮೇಲೆತ್ತುವ ಸ್ನಾಯು ಸೋಲುವುದು ಇನ್ನೊಂದು. ಹುಬ್ಬೇ ಕೆಳಗಿಳಿದು ರೆಪ್ಪೆಯನ್ನು ಒತ್ತುವುದು ಮತ್ತೊಂದು. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತದೆ. ಅವಳ ಎಡಗಣ್ಣಿಗೆ ಇದ್ದದ್ದು ಸ್ನಾಯುವಿನ ತೊಂದರೆ. ಆ ಕ್ಲಿನಿಕ್ಕಿನವರು ಅದನ್ನು ನೋಡದೆ ಎರಡೂ ಕಡೆ ಚರ್ಮ ಕತ್ತರಿಸಿದ್ದರು. ಬಾಗಿಲ ತಿರುಗಣೆ ಕೆಟ್ಟರೆ ಬಾಗಿಲನ್ನು ಹೆರೆದ ಹಾಗೆ. ಬಲಗಡೆಯಂತೂ ಜಾಸ್ತಿಯೇ ತೆಗೆದಿದ್ದರು. ಹುಬ್ಬಿನಿಂದ ರೆಪ್ಪೆಯಂಚಿನವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿದರೆ ಕಣ್ಣು ಸರಿಯಾಗಿ ಮುಚ್ಚುತ್ತದೆಂದು ಡಾಕ್ಟರು ಸ್ಕೇಲ್ ಇಟ್ಟು ತೋರಿಸಿದರು. ಹೊಲಿಗೆ ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ರವಿಕೆ ಬಟ್ಟೆ ಹೆಚ್ಚು ಉಳಿದಿದ್ದರೆ ಮತ್ತೆ ಕತ್ತರಿಸಬಹುದು, ಕಡಿಮೆಯಾದರೆ ತೇಪೆಯೇ ಗತಿ. ಇಲ್ಲಿ ತೇಪೆ ಎಂದರೆ ಇನ್ನೊಂದು ರೆಪ್ಪೆಯಿಂದಲೋ ಕಿವಿಯ ಹಿಂದಿನಿಂದಲೋ ಚರ್ಮ ತೆಗೆದು ಹಾಕುವುದು. ಎರಡನೆಯ ಸಲದ ಕೆಲಸ ಮೊದಲನೆಯದಕ್ಕಿಂತ ಕಷ್ಟ ಎನ್ನುವುದು ಇದಕ್ಕೇ. ಚರ್ಮ ಕಡಿಮೆ ಇರುತ್ತದೆ, ಒಳಗೆ ಗಾಯದ ಗಂಟು ಕಟ್ಟಿರುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಆ ಡಾಕ್ಟರಮ್ಮ "ಈಗ ಏನೂ ಮಾಡೋದಿಲ್ಲ" ಅಂದುಬಿಟ್ಟರು! ನಾದಿನಿಯ ಮುಖ ಬಾಡಿತು. ಗಾಯದ ಗಂಟು ಮೆತ್ತಗಾಗಲು ಕಡಿಮೆಯೆಂದರೆ ಆರು ತಿಂಗಳು ಬೇಕು, ಅಲ್ಲಿಯವರೆಗೆ ಹಗಲು ಕಣ್ಣಿಗೆ ಹನಿ, ರಾತ್ರಿ ಮುಲಾಮು, ರೆಪ್ಪೆಯನ್ನು ಮೆಲ್ಲಗೆ ನೀವುವುದು, ಮಲಗುವಾಗ ಟೇಪು. ಟೇಪು ಅಂಟಿಸುವುದನ್ನು ನನಗೂ ಕಲಿಸಿದರು. ಅದನ್ನು ನೋಡದೆ ನೀವಾಗಿ ಅಂಟಿಸಬೇಡಿ, ಒಳಗೆ ಕಣ್ಣು ತೆರೆದುಕೊಂಡರೆ ಟೇಪೇ ಕಣ್ಣನ್ನು ಉಜ್ಜುತ್ತದೆ. ಎರಡು ವಾರಕ್ಕೊಮ್ಮೆ ನಮ್ಮೂರಿನ ಡಾಕ್ಟರಿಗೆ ತೋರಿಸಬೇಕು, ಆ ಪೊರೆಯ ಗಾಯ ಮಾಯದಿದ್ದರೆ ಮಾತ್ರ ಆರು ತಿಂಗಳು ಕಾಯದೆ ಮುಂಚೆಯೇ ಕೈಹಾಕಬೇಕಾಗುತ್ತದೆ ಎಂದರು. ಪಕ್ಕದ ಮನೆಯ ಅಜ್ಜಿ ನಂದಿಬಟ್ಟಲು ಹೂವಿನ ನೀರು ಬಿಡಲು ಹೇಳಿದ್ದರು. ಅದನ್ನೂ ಕೇಳಿದೆ. "ಹೂವು ದೇವರಿಗೆ ಇಡಿ" ಎಂದು ನಕ್ಕರು.

ಹೊರಗೆ ಬಂದು ಅವಳು "ಆರು ತಿಂಗಳಾ ಅತ್ತಿಗೆ!" ಎಂದು ಗೋಳಾಡಿದಳು. ನನಗೆ ಮಾತ್ರ ಆವತ್ತು ಮೊದಲ ಬಾರಿಗೆ ನೆಮ್ಮದಿಯಾಯಿತು. ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸುವವರನ್ನು ನಂಬಬಹುದು ಎಂದು ನನ್ನ ಅಂಗಡಿ ಬುದ್ಧಿಗೂ ಹೊಳೆಯಿತು.

ಅಷ್ಟಕ್ಕೇ ನಾನು ಸುಮ್ಮನಾಗಲಿಲ್ಲ, ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಮುಂದಿನ ಸಲ ಹೋದೆ. ಆಪರೇಷನ್ ಮಾಡುವ ಕೈ ನಿಮ್ಮದೇ ತಾನೇ, ಒಪ್ಪಿಗೆ ಪತ್ರದಲ್ಲಿ ನಿಮ್ಮ ಹೆಸರೇ ಇರುತ್ತದೆಯೇ? ಬೇರೆಯವರು ಮಾಡಿ ಕೆಟ್ಟಿದ್ದನ್ನು ಎಷ್ಟು ಸಲ ಸರಿಪಡಿಸಿದ್ದೀರಿ? ಸರಿಹೋಗದೆ ಉಳಿದವರೂ ಇದ್ದಾರೆಯೇ? (ಇದ್ದಾರೆ ಎಂದರು. "ಇಲ್ಲವೇ ಇಲ್ಲ" ಎನ್ನುವವರ ಬಳಿ ನಾನಂತೂ ಹೋಗೆನು.) ಮಧ್ಯರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಇದು ಸಣ್ಣ ಮಾತಲ್ಲ. ರೆಪ್ಪೆಯ ಆಪರೇಷನ್ ಆದ ಮೇಲೆ ಒಮ್ಮೆಗೇ ಜೋರು ನೋವು, ಕಣ್ಣು ಮುಂದೆ ಉಬ್ಬುವುದು, ದೃಷ್ಟಿ ಮಂಜಾಗುವುದು ಕಂಡರೆ ಒಳಗೆ ರಕ್ತ ಕಟ್ಟುತ್ತಿದೆ ಎಂದು ಅರ್ಥ. ಬೆಳಗಾಗಲಿ ಎಂದು ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಬೇಕು. ಫೋನನ್ನೇ ಎತ್ತದ ಕ್ಲಿನಿಕ್ ಕಟ್ಟಿಕೊಂಡು ಆಗ ಏನು ಮಾಡುವುದು?

ಖರ್ಚನ್ನು ಬರೆಸಿಕೊಳ್ಳಿ. ಔಷಧಿ, ಮತ್ತೆ ಮತ್ತೆ ತೋರಿಸುವ ಫೀಸು ಅದರಲ್ಲಿ ಸೇರಿದೆಯೇ ನೋಡಿ. ಬರೀ ಅಂದಕ್ಕೆ ಮಾಡುವ ಶಸ್ತ್ರಚಿಕಿತ್ಸೆಗೆ ಜಿ.ಎಸ್.ಟಿ. ಬೇರೆ ಬೀಳುತ್ತದೆ, ವಿಮೆಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಕಣ್ಣು ಮುಚ್ಚದಿರುವುದು, ರೆಪ್ಪೆ ಬಿದ್ದು ನೋಟಕ್ಕೆ ಅಡ್ಡವಾಗುವುದು ಅಂದದ ಮಾತಲ್ಲ, ತೊಂದರೆ. ಡಾಕ್ಟರಿಂದ ಅದನ್ನು ಬರೆಸಿ ವಿಮೆಯವರನ್ನು ಕೇಳಿನೋಡಿ. ಹಣದ ಅಡಚಣೆ ಇದ್ದವರು ಬೆಂಗಳೂರಿನ ಚಾಮರಾಜಪೇಟೆಯ ಮಿಂಟೋ ಕಣ್ಣಾಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯಲ್ಲೂ ತೋರಿಸಿ ಅಭಿಪ್ರಾಯ ಕೇಳಬಹುದು. 1896ರಲ್ಲಿ ಶುರುವಾದ ಆಸ್ಪತ್ರೆ ಅದು.

ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರಿಂದ ಇದೆ. ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಿ, ಆ ಪತ್ರವನ್ನು ಕಾಣುವ ಜಾಗದಲ್ಲಿ ಹಾಕಬೇಕು. ಕೆ.ಪಿ.ಎಂ.ಇ. ಎಂದು ಬರೆದಿರುತ್ತದೆ. ನಟಿಯರ ಚಿತ್ರ ನೋಡುವ ಮೊದಲು ಗೋಡೆಯಲ್ಲಿ ಅದನ್ನು ಹುಡುಕಿ. ಡಾಕ್ಟರ ನೋಂದಣಿ ಸಂಖ್ಯೆ ಕೇಳಿಕೊಂಡು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು, ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಫೋನಿನಲ್ಲೇ ನೋಡಿ ಹೇಳುತ್ತಾರೆ. ಇನ್ನು ಜಾಹೀರಾತು ಕೊಟ್ಟು ರೋಗಿಗಳನ್ನು ಕರೆಯುವುದು ವೈದ್ಯರಿಗೆ ತಕ್ಕದ್ದಲ್ಲವೆಂದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ರಿಯಾಯಿತಿಯ ಜಾಹೀರಾತು ಕಂಡಾಗ ಇದು ನೆನಪಿರಲಿ.

ಅದೇ ನಿಯಮಗಳ ಪ್ರಕಾರ ರೋಗಿ ತನ್ನ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಾವು ಮೊದಲಿನ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿದಾಗ "ಅಂಥದ್ದೆಲ್ಲ ಕೊಡಲ್ಲ" ಅಂದರು. ರಿಜಿಸ್ಟರ್ ಅಂಚೆಯಲ್ಲಿ ಪತ್ರ ಹಾಕಿದೆವು, ನಾಲ್ಕನೆಯ ದಿನ ಕಾಗದ ಬಂತು. ಎರಡನೆಯ ಸಲ ಕೈಹಾಕುವವರಿಗೆ ಒಳಗೆ ಏನು ತೆಗೆದಿದ್ದಾರೆ ಎಂದು ತಿಳಿಸುವುದು ಈ ಕಾಗದವೇ, ಆದ್ದರಿಂದ ಜಗಳವಾಡದೆ ಮೊದಲು ಅದನ್ನು ತರಿಸಿಕೊಳ್ಳಿ. ಜಗಳಕ್ಕೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯಿದೆಯಿಂದ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ನನ್ನ ನಾದಿನಿ ಕೊಡಲಿಲ್ಲ. ಕೊಡಬೇಕಿತ್ತು ಎಂದೇ ನನ್ನ ಅಭಿಪ್ರಾಯ, ಆದರೆ ಕಣ್ಣು ಅವಳದು, ಮನಸ್ಸೂ ಅವಳದು.

ಗಂಡನಿಗೆ ಅವಳು ಹೇಳಿದ್ದು ಆ ಆಸ್ಪತ್ರೆಯಿಂದ ಬಂದ ರಾತ್ರಿ. ನಾನು ಜೊತೆಯಲ್ಲಿ ಕೂತಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು "ಆರು ತಿಂಗಳು ಟೇಪು ಯಾರು ಹಾಕ್ತಾರೆ?" ಎಂದು ಮಾತ್ರ ಕೇಳಿದರು. ಆಮೇಲೆ ದಿನಾ ಅವರೇ ಹಾಕಿದರು.

ಆ ನೀವುವಿಕೆ, ಹನಿಗಳಿಂದ ಬಲಗಣ್ಣು ತಿಂಗಳಿಗೆ ಒಂದಿಷ್ಟರಂತೆ ಮುಚ್ಚುತ್ತಾ ಬಂದು, ತೇಪೆ ಹಾಕುವ ಅಗತ್ಯವೇ ಬೀಳಲಿಲ್ಲ. ಎಲ್ಲರಿಗೂ ಹೀಗಾಗುವುದಿಲ್ಲ, ಅವಳದು ಅದೃಷ್ಟ ಎಂದರು ಡಾಕ್ಟರು. ಎಡಗಣ್ಣಿನ ಸ್ನಾಯುವನ್ನು ಆಷಾಢದಲ್ಲಿ, ಮನೆಯಲ್ಲಿ ಯಾವ ಶುಭಕಾರ್ಯವೂ ಇಲ್ಲದ ತಿಂಗಳಲ್ಲಿ ಬಿಗಿ ಮಾಡಿದರು. ರೆಪ್ಪೆಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಅರ್ಧದಲ್ಲಿ ಅವಳನ್ನು ಎಬ್ಬಿಸಿ ಕೂರಿಸಿ, ಕಣ್ಣು ತೆರೆಸಿ, ಎರಡೂ ಸಮ ಇದೆಯೇ ಎಂದು ನೋಡಿ ಮತ್ತೆ ಮಲಗಿಸಿ ಹೊಲಿಗೆ ಹಾಕಿದರಂತೆ. ಈಗಲೂ ಎಡಕ್ಕೂ ಬಲಕ್ಕೂ ಒಂದು ಕೂದಲೆಳೆ ವ್ಯತ್ಯಾಸ ಇದೆ. ಅಷ್ಟು ಉಳಿಯಬಹುದೆಂದು ಡಾಕ್ಟರು ಮುಂಚೆಯೇ ಬರೆದುಕೊಟ್ಟಿದ್ದರು.

ಮೊನ್ನೆ ನವರಾತ್ರಿಗೆ ಗೊಂಬೆ ಕೂರಿಸಲು ಬಂದಿದ್ದಳು. ರಾತ್ರಿ ದೀಪ ಆರಿಸಲು ಹೋದವಳು ಅಭ್ಯಾಸಬಲದಿಂದ ಬಗ್ಗಿ ಅವಳ ಮುಖ ನೋಡಿದೆ. "ಇನ್ನೂ ನಿದ್ದೆ ಬಂದಿಲ್ಲ ಅತ್ತಿಗೆ, ಸುಮ್ನೆ ಮುಚ್ಕೊಂಡಿದ್ದೀನಿ" ಅಂದಳು.

ಪತ್ರ ಬರೆದ ಸೋದರಿ, ನಿಮಗೆ ಆಪರೇಷನ್ ಆಗಿ ಎಷ್ಟು ತಿಂಗಳಾಯಿತೆಂದು ನೀವು ಬರೆದಿಲ್ಲ. ಇವತ್ತು ರಾತ್ರಿ ನೀವು ಮಲಗಿದ ಮೇಲೆ ಕಣ್ಣು ಪೂರ್ತಿ ಮುಚ್ಚಿದೆಯೇ ಎಂದು ಮನೆಯವರೊಬ್ಬರಿಗೆ ನೋಡಲು ಹೇಳಿ. ಮುಚ್ಚಿದ್ದರೆ ನಿಧಾನವಾಗಿ ನನಗೆ ಬರೆಯಿರಿ. ಮುಚ್ಚದಿದ್ದರೆ ನನ್ನ ಉತ್ತರಕ್ಕೆ ಕಾಯುತ್ತಾ ಕೂರಬೇಡಿ, ಬೆಳಿಗ್ಗೆ ಎದ್ದು ನಿಮ್ಮೂರಿನ ಕಣ್ಣಿನ ಡಾಕ್ಟರ ಬಳಿಗೆ ಹೋಗಿ.